ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಯಾರಿಗೆ ಯಾವ ದಾರಿ?

ಬೇಸಿಗೆ ಹತ್ತಿರ ಬಂದ ಕೂಡಲೇ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ, ಬಾಣಂತನಕ್ಕೆ ಹೋಗಬೇಕು. ಮಗ ಸ್ಯಾನ್ ಹೊಸೆಯಲ್ಲಿ ಮನೆ ಮಾಡಿದ್ದಾನೆ, ಒಂದ್ಸಲ ನೋಡಿ ಬರಬೇಕು. ಟಿಕೆಟ್ ಹುಡುಕೋಕೆ ಕೂತರೆ ಮೊಬೈಲ್ ತುಂಬಾ ಆಯ್ಕೆಗಳು. ಒಂದು ದುಬೈ ಮೇಲೆ ಹೋಗುತ್ತದೆ, ಇನ್ನೊಂದು ಫ್ರಾಂಕ್‌ಫರ್ಟ್ ಮೇಲೆ, ಮತ್ತೊಂದು ಟೋಕಿಯೊ ಮೇಲೆ. ಒಂದಕ್ಕೆ 22 ಗಂಟೆ, ಇನ್ನೊಂದಕ್ಕೆ 31. ಯಾವುದು ಹತ್ತಿರ, ಯಾವುದು ಬೇಗ, ಯಾವುದು ಸುಖ?

ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಹತ್ತಿರದ ದಾರಿಯೇ ಬೇಗ ತಲುಪಿಸುತ್ತದೆ ಅಂತೇನಿಲ್ಲ. ಬೇಗ ತಲುಪಿಸುವ ದಾರಿ ಎಪ್ಪತ್ತು ವರ್ಷದ ಅಮ್ಮನ ಮಂಡಿಗೆ ಒಳ್ಳೆಯದು ಅಂತಲೂ ಇಲ್ಲ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಕೇಳುವುದು, "ಹೋಗ್ತಿರೋದು ಯಾರು?" ಅಂತ. ದರ ಆಮೇಲೆ ನೋಡೋಣ.

ಏನೇನು ಅಳೆಯಬೇಕು

ಮೊದಲನೆಯದು ಒಟ್ಟು ಸಮಯ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ. ಮೈಸೂರಿನವರಿಗೆ, ಶಿವಮೊಗ್ಗದವರಿಗೆ ದೇವನಹಳ್ಳಿ ಮುಟ್ಟುವುದೇ ಒಂದು ಪ್ರಯಾಣ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು. ಇಷ್ಟನ್ನೂ ಸೇರಿಸಿದರೆ 22 ಗಂಟೆಯದು ಸಲೀಸಾಗಿ 32 ಆಗುತ್ತದೆ.

ಎರಡನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಒಂದೇ ಸೀಟಿನಲ್ಲಿ ಒಂದೇ ಸಮ ಎಷ್ಟು ಹೊತ್ತು ಕೂರಬೇಕು? ವಯಸ್ಸಾದವರಿಗೆ, ಬೆನ್ನುನೋವು ಇರುವವರಿಗೆ, ಪುಟ್ಟ ಮಕ್ಕಳ ತಾಯಂದಿರಿಗೆ ಒಟ್ಟು ಗಂಟೆಗಿಂತ ಇದೇ ಮುಖ್ಯ.

ಆಮೇಲೆ ನಡುವಿನ ನಿಲ್ದಾಣದ ಕಷ್ಟ: ವೀಸಾ ಬೇಕಾ, ಎಷ್ಟು ನಡೆಯಬೇಕು, ತಿನ್ನೋಕೆ ಸಿಗುತ್ತಾ, ಮತ್ತೆ ಸೆಕ್ಯುರಿಟಿ ಚೆಕ್ ಇದೆಯಾ. ಲಗೇಜ್ ಎಷ್ಟು ಬಿಡುತ್ತಾರೆ ಅನ್ನುವುದು ಇನ್ನೊಂದು. ದರವಂತೂ ಇದ್ದೇ ಇದೆ. ಕೊನೆಗೆ, ಏನಾದರೂ ಎಡವಟ್ಟಾದರೆ ಆ ಊರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಎಷ್ಟು ಕಷ್ಟ?

ದೂರದ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಗೋಡೆಗೆ ಹಾಕಿದ ನಕ್ಷೆ ನೋಡಿ ಇದನ್ನು ಊಹಿಸಲು ಹೋಗಬೇಡಿ. ಮಕ್ಕಳ ಗ್ಲೋಬ್ ಇದ್ದರೆ ತಗೊಂಡು ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಏರುತ್ತದೆ. ಟಿಬೆಟ್, ಚೀನಾ, ಸೈಬೀರಿಯಾ ದಾಟಿ, ಉತ್ತರ ಧ್ರುವದ ಪಕ್ಕದ ಚಳಿ ಪ್ರದೇಶ ಹಾಯ್ದು, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ.

ಇದು ಗೊತ್ತಾದರೆ ಉಳಿದದ್ದು ಸುಲಭ. ದೆಹಲಿ ಈ ದಾರದ ಹತ್ತಿರವೇ ಇದೆ. ದೆಹಲಿ ಮೇಲೆ ಹೋದರೆ ಒಟ್ಟು ಸುಮಾರು 14,100 ಕಿ.ಮೀ., ಅಂದರೆ ನೂರು ಕಿಲೋಮೀಟರ್ ಮಾತ್ರ ಜಾಸ್ತಿ. ಟೋಕಿಯೊ ಮೇಲೆ ಸುಮಾರು 14,900. ಹಾಂಗ್‌ಕಾಂಗ್ ಮೇಲೆ 15,100. ದುಬೈ ಮೇಲೆ 15,700, ದೋಹಾ ಮೇಲೆ 16,000. ಫ್ರಾಂಕ್‌ಫರ್ಟ್ 16,500 ದಾಟುತ್ತದೆ, ಲಂಡನ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಸಿಂಗಾಪುರ 16,800ರ ಆಸುಪಾಸು. ಟೋಕಿಯೊ ನಮಗೆ ದೂರದ ಊರು, ದುಬೈ ಪಕ್ಕದ ಊರು ಅನ್ನಿಸುತ್ತದೆ ಅಲ್ವಾ? ಆದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರಿಗೆ ಟೋಕಿಯೊ ದಾರಿಯೇ 800 ಕಿ.ಮೀ. ಚಿಕ್ಕದು.

ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಹಾಗಾಗಿ ಅತಿ ಹತ್ತಿರದ ದಾರಿಗೂ ಅತಿ ದೂರದ ದಾರಿಗೂ ಆಕಾಶದಲ್ಲಿ ಬರುವ ವ್ಯತ್ಯಾಸ ಮೂರು ಗಂಟೆ, ಅಷ್ಟೇ. 22 ಗಂಟೆ, 31 ಗಂಟೆ ಎಂಬ ದೊಡ್ಡ ಅಂತರ ಹುಟ್ಟುವುದು ಕೆಳಗೆ, ನಿಲ್ದಾಣದಲ್ಲಿ ಕಾಯುವ ಹೊತ್ತಿನಿಂದ. ಟಿಕೆಟ್ ಆರಿಸುವಾಗ ಕಣ್ಣು ಅಲ್ಲಿರಲಿ.

ಇನ್ನೊಂದು ವಿಷಯ ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಹೋಯಿತು. ದೂರ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಜಾಸ್ತಿಯಾಗಿ 15,300ರ ಹತ್ತಿರ ಬಂತು. ಆದರೂ ಬೆನ್ನಹಿಂದಿನ ಗಾಳಿಯಿಂದ ಸುಮಾರು 14 ಗಂಟೆ 30 ನಿಮಿಷದಲ್ಲೇ ತಲುಪಿತು, ಹಳೆಯ ದಾರಿಗಿಂತ ಬೇಗ. ಪೂರ್ವದ ದಾರಿ ಹಿಡಿದವರಿಗೆ ಹೋಗುವಾಗ ಈ ಗಾಳಿ ಸಹಾಯ ಮಾಡುತ್ತದೆ, ಬರುವಾಗ ಎದುರಾಗುತ್ತದೆ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತೂವರೆ ಗಂಟೆ ಸಾಕು, ವಾಪಸ್ ಬರಲು ಹನ್ನೊಂದು ಬೇಕು.

ನೇರ ವಿಮಾನ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರು ಮಾಡಿತು. ಮೊದಲ ವಿಮಾನ ಅಲ್ಲಿಂದ ಇಲ್ಲಿಗೆ ಉತ್ತರ ಧ್ರುವದ ಮೇಲೆ ಹಾರಿ ಬಂತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಕನ್ನಡಿಗರಿಗೆ ಅದು ಹೆಮ್ಮೆಯ ದಿನವೇ ಆಗಿತ್ತು. ಹಾರಾಟಕ್ಕೆ 16ರಿಂದ 17 ಗಂಟೆ ಬೇಕು, ಬರುವಾಗ ಇನ್ನೂ ಸ್ವಲ್ಪ ಜಾಸ್ತಿ.

ಇದರ ದೊಡ್ಡ ಗುಣ ಒಂದೇ: ಹತ್ತಿದರೆ ಇಳಿಯುವುದು ಮಕ್ಕಳ ಊರಿನಲ್ಲೇ. ಗೇಟ್ ಹುಡುಕೋದು ಬೇಡ, ಭಾಷೆಯ ಭಯ ಬೇಡ, ಬ್ಯಾಗ್ ಕಳೆಯುವ ಚಿಂತೆ ಕಡಿಮೆ. ಕನ್ನಡ ಬಿಟ್ಟು ಬೇರೆ ಮಾತು ಬಾರದ, ಮೊದಲ ಸಲ ಹೊರಡುವ, ಆರೋಗ್ಯ ಸರಿಯಿರುವ ಅಪ್ಪ ಅಮ್ಮನಿಗೆ, ಈ ವಿಮಾನ ಸಿಗುವುದಾದರೆ, ಇದಕ್ಕಿಂತ ಒಳ್ಳೆಯದು ಇಲ್ಲ. ದರ ಸ್ವಲ್ಪ ಹೆಚ್ಚಾದರೂ ನಾನು ಇದನ್ನೇ ಹೇಳುತ್ತೇನೆ.

ಆದರೆ 16 ಗಂಟೆ ಒಂದೇ ಸೀಟು. ಮಂಡಿ ಹಿಡಿಯುವವರಿಗೆ, ಕಾಲು ಊದಿಕೊಳ್ಳುವವರಿಗೆ ಇದು ಹಿಂಸೆ. ಅಂಥವರು ಹಾದಿ ಪಕ್ಕದ ಸೀಟನ್ನು ಮೊದಲೇ ದುಡ್ಡು ಕೊಟ್ಟಾದರೂ ಹಿಡಿಯಲಿ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಲಿ. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕೇಳದೆ ಹೊರಡಲೇಬಾರದು.

ಈ ನೇರ ವಿಮಾನ ಯಾವಾಗಲೂ ಇರುತ್ತದೆ ಅಂತೇನಿಲ್ಲ, ಈಗ ಹಾರುತ್ತಿದೆಯಾ ಅಂತ ಮೊದಲು ನೋಡಿ. ಪಟ್ಟಿಯಲ್ಲಿ ಕಾಣದಿದ್ದರೆ ಅದೇ ಕಂಪನಿ ದೆಹಲಿ ದಾರಿ ತೋರಿಸುತ್ತದೆ. ದೂರದ ಲೆಕ್ಕದಲ್ಲಿ ದೆಹಲಿ ಅಷ್ಟೇನೂ ನಷ್ಟವಲ್ಲ ಅಂತ ಆಗಲೇ ನೋಡಿದೆವು. ಆದರೆ ಎರಡು ಎಚ್ಚರ. ಡಿಸೆಂಬರ್, ಜನವರಿಯ ಮುಂಜಾನೆ ದೆಹಲಿಯಲ್ಲಿ ಮಂಜು ಕವಿದು ವಿಮಾನಗಳು ತಡವಾಗುತ್ತವೆ. ಆ ತಿಂಗಳುಗಳಲ್ಲಿ ಎರಡು ವಿಮಾನಗಳ ನಡುವೆ ಎರಡೇ ಗಂಟೆಯ ಬಿಡುವು ನಂಬಬೇಡಿ, ನಾಲ್ಕಾದರೂ ಇರಲಿ. ಇನ್ನು ಪಾಕಿಸ್ತಾನ 2025ರ ಏಪ್ರಿಲ್ 24ರಿಂದ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಮೇಲೆ ಉತ್ತರ ಅಮೆರಿಕಕ್ಕೆ ಹೋಗಿಬರುವ ಕೆಲವು ವಿಮಾನಗಳು ಇಂಧನಕ್ಕೆಂದು ವಿಯೆನ್ನಾದಂಥ ಕಡೆ ಇಳಿಯಬೇಕಾಯಿತು. ಟಿಕೆಟ್‌ನಲ್ಲಿ ನಡುವೆ ಸ್ಟಾಪ್ ಇದೆಯಾ ಅಂತ ಹಣ ಕಟ್ಟುವ ಮೊದಲು ನೋಡಿ.

ವಾಪಸ್ ಬರುವಾಗ ದೆಹಲಿಯಲ್ಲಿ ಸಾಮಾನ್ಯವಾಗಿ ಬ್ಯಾಗ್ ತಗೊಂಡು, ಕಸ್ಟಮ್ಸ್ ಮುಗಿಸಿ, ಮತ್ತೆ ಬೆಂಗಳೂರಿಗೆ ಹಾಕಬೇಕು. ಎರಡು ದೊಡ್ಡ ಪೆಟ್ಟಿಗೆ ಎಳೆಯಲು ಆಗದವರು ಇದನ್ನು ಮರೆಯಬಾರದು.

ದುಬೈ, ದೋಹಾ

ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರ ಹತ್ತಿರ ಹದಿನಾರು. ದೋಹಾದ ಲೆಕ್ಕವೂ ಇದೇ ತರಹ. ಇಲ್ಲಿರುವ ತೊಡಕು ನೋಡಿ. ವಿಮಾನ ಬದಲಿಸುವ ಕಷ್ಟವನ್ನೂ ಪಟ್ಟಿರಿ, ಹದಿನಾರು ಗಂಟೆ ಕೂರುವುದಂತೂ ತಪ್ಪಲಿಲ್ಲ. "ನಡುವೆ ಒಂದು ಬ್ರೇಕ್ ಸಿಗುತ್ತೆ" ಅಂತ ಅಪ್ಪ ಅಮ್ಮನಿಗೆ ಈ ದಾರಿ ಹಿಡಿಸುವವರು ಜಾಸ್ತಿ. ಆದರೆ ಆ ಬ್ರೇಕ್ ಬರುವುದು ನಡುವೆ ಅಲ್ಲ, ದಣಿವು ಶುರುವಾಗುವ ಮೊದಲೇ.

ಹಾಗಂತ ಇದನ್ನು ತಳ್ಳಿಹಾಕುವಂತಿಲ್ಲ. ವಿಮಾನಗಳು ಹೆಚ್ಚು, ಬೆಂಗಳೂರಿನಿಂದ ದಿನಕ್ಕೆ ಒಂದಕ್ಕಿಂತ ಜಾಸ್ತಿ ಆಯ್ಕೆ ಸಿಗುತ್ತದೆ. ಎಮಿರೇಟ್ಸ್ 2022ರ ಅಕ್ಟೋಬರ್‌ನಿಂದ ಬೆಂಗಳೂರಿಗೆ ಎ380 ಎಂಬ ಎರಡಂತಸ್ತಿನ ವಿಮಾನವನ್ನೇ ತಂದಿತು. ನಿಲ್ದಾಣದಿಂದ ಹೊರಗೆ ಬರದಿದ್ದರೆ ವೀಸಾ ಬೇಡ. ಅನ್ನ, ಇಡ್ಲಿ, ಮೊಸರು ಹುಡುಕಿದರೆ ಸಿಗುತ್ತದೆ. ಸಿಬ್ಬಂದಿಯಲ್ಲಿ, ಅಂಗಡಿಗಳಲ್ಲಿ ನಮ್ಮ ದೇಶದವರೇ ತುಂಬಾ ಜನ. ದಾರಿ ತಪ್ಪಿದರೆ ಕೈಹಿಡಿದು ತೋರಿಸುವವರು ಸಿಕ್ಕೇ ಸಿಗುತ್ತಾರೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಗಸಗಸೆ. ಬಾಣಂತಿಗೆಂದು, ಪಾಯಸಕ್ಕೆಂದು ನಮ್ಮ ಅಮ್ಮಂದಿರು ಒಂದು ಪೊಟ್ಟಣ ಬ್ಯಾಗಿಗೆ ಹಾಕಿಯೇ ಹಾಕುತ್ತಾರೆ. ನಮಗೆ ಅದು ಅಡುಗೆಮನೆಯ ಸಾಮಾನು. ಯುಎಇಯಲ್ಲಿ ಅದು ನಿಷೇಧಿತ ವಸ್ತು, ಸಿಂಗಾಪುರದಲ್ಲೂ ಹಾಗೆಯೇ. ಈ ದಾರಿಯಲ್ಲಿ ಹೋಗುವವರು ಒಂದು ಚಮಚವೂ ಇಟ್ಟುಕೊಳ್ಳಬೇಡಿ, ಗಸಗಸೆ ಹಾಕಿ ರುಬ್ಬಿದ ಮಸಾಲೆ ಪುಡಿಯೂ ಬೇಡ. ಪ್ಯಾಕ್ ಮಾಡುವ ರಾತ್ರಿ ಡಬ್ಬಿ ಒಂದೊಂದಾಗಿ ತೆರೆದು ನೋಡಿ.

ಕೊಲ್ಲಿಯ ಆಕಾಶದಲ್ಲಿ ಉದ್ವಿಗ್ನತೆ ಬಂದರೆ ಈ ದಾರಿ ಒಮ್ಮೆಗೇ ನಿಲ್ಲುತ್ತದೆ ಎಂಬುದೂ ತಿಳಿದಿರಲಿ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿತ್ತು. 2024ರ ಏಪ್ರಿಲ್ 16ರ ಮಳೆಗೆ ದುಬೈ ನಿಲ್ದಾಣವೇ ನೀರಿನಲ್ಲಿ ನಿಂತು, ಸರಿಹೋಗಲು ದಿನಗಳೇ ಹಿಡಿದವು. ಹೊರಡುವ ವಾರ ಸುದ್ದಿ ನೋಡುತ್ತಿರಿ. ಬಿಪಿ, ಸಕ್ಕರೆ ಮಾತ್ರೆ ಮೂರು ದಿನಕ್ಕೆ ಆಗುವಷ್ಟು ಕೈಚೀಲದಲ್ಲೇ ಇರಲಿ.

ಕರಾವಳಿಯವರಿಗೊಂದು ಮಾತು. ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈನಿಂದ ಅಮೆರಿಕಕ್ಕೆ ಇನ್ನೊಂದು ಅಂತ ಬೇರೆ ಬೇರೆ ತಗೊಂಡರೆ ಅಗ್ಗವಾಗಿ ಕಾಣುತ್ತದೆ. ಆದರೆ ಬ್ಯಾಗ್ ತಗೊಳ್ಳಲು ಅಲ್ಲಿನ ಇಮಿಗ್ರೇಷನ್ ದಾಟಬೇಕು, ವೀಸಾ ವ್ಯವಸ್ಥೆ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ಸಂಬಂಧವಿಲ್ಲ, ಟಿಕೆಟ್ ಹಣ ಹೋದಂತೆಯೇ. ಉಳಿಯುವ ನಾಲ್ಕು ಕಾಸಿಗೆ ಈ ಗೋಳು ಬೇಡ.

ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್

ಇಲ್ಲಿ ಪ್ರಯಾಣ ಸರಿಯಾಗಿ ಎರಡು ಪಾಲಾಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು ಹತ್ತು ಗಂಟೆ, ಅಲ್ಲಿಂದ ಮುಂದಕ್ಕೆ ಹನ್ನೊಂದೂವರೆ. ಲಂಡನ್ ಆದರೆ ಹತ್ತೂವರೆ ಮತ್ತು ಹನ್ನೊಂದು. ಮಂಡಿನೋವಿನವರಿಗೆ, ಒಂದೇ ಸಮ ಕೂರಲಾಗದವರಿಗೆ ಇದು ದುಬೈಗಿಂತ ಎಷ್ಟೋ ವಾಸಿ. ದೂರ ಜಾಸ್ತಿ, ಆದರೂ ಮೈಗೆ ಹಗುರ.

ಕಷ್ಟ ಕಾಗದಪತ್ರದ್ದು. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ (ನಡುವೆ ವಿಮಾನ ಬದಲಿಸಲು ಬೇಕಾಗುವ ವೀಸಾ) ಕೇಳುವುದಿಲ್ಲ, ಅಪ್ಪ ಅಮ್ಮಂದಿರಿಗೆ ಹೆಚ್ಚಾಗಿ ಸಮಸ್ಯೆ ಬರುವುದಿಲ್ಲ. ಸಿಕ್ಕಿಬೀಳುವುದು ಅಲ್ಲಿ ಕೆಲಸ ಮಾಡುವ ಮಕ್ಕಳು. ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ಕಾಗದ ನವೀಕರಣವಾಗಿರುತ್ತದೆ, ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿರುತ್ತದೆ. ಅಂಥವರು ಊರಿಗೆ ಬರಲು ಯುರೋಪ್ ದಾರಿ ಹಿಡಿದರೆ ಚೆಕ್-ಇನ್ ಕೌಂಟರ್‌ನಲ್ಲೇ ತಡೆಯಬಹುದು. ಆ ದೇಶದ ನಿಯಮ ಓದಿ ಬುಕ್ ಮಾಡಿ, ಇಲ್ಲವೇ ಕೊಲ್ಲಿ ಅಥವಾ ಪೂರ್ವದ ದಾರಿ ಹಿಡಿಯಿರಿ.

ಫ್ರಾಂಕ್‌ಫರ್ಟ್‌ನಲ್ಲಿ ನಡಿಗೆ ತುಂಬಾ. ವ್ಹೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿ, ಇದಕ್ಕೆ ಬೇರೆ ದುಡ್ಡಿಲ್ಲ. ವ್ಹೀಲ್‌ಚೇರ್ ಅಂದರೆ ಕೆಲವು ಹಿರಿಯರು ಮುಜುಗರ ಪಡುತ್ತಾರೆ. "ಅದು ಕಾಲಿಗಲ್ಲಮ್ಮ, ದಾರಿ ತೋರಿಸೋಕೆ ಒಬ್ಬರು ಜೊತೆಗೆ ಇರ್ತಾರೆ" ಅಂದರೆ ಒಪ್ಪುತ್ತಾರೆ. ಈ ಕಂಪನಿಗಳ ಅತಿ ಅಗ್ಗದ ಟಿಕೆಟ್‌ನಲ್ಲಿ ಚೆಕ್-ಇನ್ ಬ್ಯಾಗ್ ಕಡಿಮೆ ಇರಬಹುದು. ಅಮೆರಿಕದ ದಾರಿಗಳಲ್ಲಿ 23 ಕೆಜಿಯ ಎರಡು ಬ್ಯಾಗ್ ರೂಢಿ. ನಿಮ್ಮ ಟಿಕೆಟ್‌ನಲ್ಲಿ ಅದು ಬರೆದಿದೆಯಾ ನೋಡಿ, ಬ್ಯಾಗಿನ ದುಡ್ಡು ಸೇರಿಸಿಯೇ ದರ ಹೋಲಿಸಿ.

ಪೂರ್ವದ ದಾರಿ

ನನ್ನ ಮಟ್ಟಿಗೆ ಹೆಚ್ಚು ಜನ ನೋಡದೇ ಬಿಡುವ ಒಳ್ಳೆಯ ದಾರಿ ಇದು. ಟೋಕಿಯೊದ ನರಿಟಾಗೆ ಸುಮಾರು ಎಂಟು ಗಂಟೆ, ಅಲ್ಲಿಂದ ಒಂಬತ್ತೂವರೆ. ಅತಿ ಉದ್ದದ ಕೂತಿರುವಿಕೆ ಹತ್ತು ಗಂಟೆಯ ಒಳಗೇ ಮುಗಿಯುತ್ತದೆ. ಮೇಲೆ ಹೇಳಿದ ಯಾವ ದಾರಿಯಲ್ಲೂ ಇದು ಸಿಗುವುದಿಲ್ಲ. ಹಾಂಗ್‌ಕಾಂಗ್ ಆದರೆ ಐದೂವರೆ, ಆಮೇಲೆ ಹನ್ನೆರಡೂವರೆ. ಕಾಯುವ ಹೊತ್ತು ಮೂರು ಗಂಟೆಯೊಳಗೆ ಸಿಕ್ಕಿದರೆ ಒಟ್ಟು 21 ಗಂಟೆಯ ಆಸುಪಾಸಿನಲ್ಲಿ ತಲುಪುತ್ತೀರಿ.

ಸಿಂಗಾಪುರದ ಚಾಂಗಿ ನಿಲ್ದಾಣ ಬಹಳ ಆರಾಮ. ಸಸ್ಯಾಹಾರ ಸುಲಭವಾಗಿ ಸಿಗುತ್ತದೆ, ತಮಿಳು ಕಿವಿಗೆ ಬೀಳುತ್ತದೆ. ಆದರೆ ಮುಂದಿನ ಹಾರಾಟ 15–16 ಗಂಟೆ. ಬರುವಾಗ ಎದುರುಗಾಳಿಗೆ 17 ದಾಟುತ್ತದೆ. ಅಲ್ಲಿಗೆ ದುಬೈಯ ತೊಡಕೇ ಇಲ್ಲೂ ಬಂತು.

ಪೂರ್ವದ ದಾರಿಯ ಕೊರತೆಗಳೂ ಇವೆ. ಬೆಂಗಳೂರಿನಿಂದ ವಿಮಾನಗಳು ಕಡಿಮೆ. ಒಂದು ತಪ್ಪಿದರೆ ಮರುದಿನದವರೆಗೆ ಕಾಯಬೇಕಾಗಬಹುದು. ನರಿಟಾ, ಹಾಂಗ್‌ಕಾಂಗ್ ನಿಲ್ದಾಣಗಳಲ್ಲಿ ಶುದ್ಧ ಸಸ್ಯಾಹಾರ ಹುಡುಕುವುದು ಕಷ್ಟ, ಸಾರಿನಲ್ಲೂ ಮೀನು ಇರುತ್ತದೆ. ವಿಮಾನದೊಳಗಿನ ಊಟಕ್ಕೆ ಏಷ್ಯನ್ ವೆಜಿಟೇರಿಯನ್ ಎಂದು ಮೊದಲೇ ಹೇಳಿಡಿ. ಕೈಚೀಲದಲ್ಲಿ ಚಪಾತಿ, ಚಟ್ನಿಪುಡಿ, ಅವಲಕ್ಕಿ ಇರಲಿ. ಮಡಿ, ಉಪವಾಸ ಅಂತ ಕಟ್ಟುನಿಟ್ಟಾಗಿ ಇರುವ ಅಜ್ಜಿಗೆ ಈ ದಾರಿ ಬೇಡ. ಇಂಗ್ಲಿಷ್ ಅಷ್ಟಿಷ್ಟು ಬರುವ, ಬೆನ್ನುನೋವಿನ ಐವತ್ತೈದರವರಿಗೆ ಇದೇ ಸರಿ.

ದರ ತೂಗುವುದು ಹೇಗೆ

ದರ ದಿನದಿನಕ್ಕೆ ಬದಲಾಗುತ್ತದೆ. ಮೇ, ಜೂನ್, ಡಿಸೆಂಬರ್‌ನಲ್ಲಿ ಏರಿರುತ್ತದೆ. ವಿದ್ಯಾರ್ಥಿಗಳು ಹೊರಡುವ ಆಗಸ್ಟ್‌ನಲ್ಲೂ ಅಷ್ಟೇ. ಫೆಬ್ರವರಿ, ಸೆಪ್ಟೆಂಬರ್‌ನಲ್ಲಿ ಉಸಿರಾಡಬಹುದು.

ಎರಡು ಟಿಕೆಟ್ ನಡುವೆ ಮನಸ್ಸು ತೂಗಾಡಿದರೆ ಉಳಿಯುವ ಒಂದು ಗಂಟೆಗೆ ಎಷ್ಟು ಕೊಡುತ್ತಿದ್ದೀರಿ ಅಂತ ನೋಡಿ. ಉದಾಹರಣೆಗೆ, ಬೇಗ ತಲುಪುವ ಟಿಕೆಟ್ 24,000 ರೂಪಾಯಿ ಜಾಸ್ತಿ, ಉಳಿಯುವುದು ಆರು ಗಂಟೆ ಅಂದುಕೊಳ್ಳಿ. ಗಂಟೆಗೆ 4,000 ಆಯಿತು. ಓದಲು ಹೋಗುವ ಇಪ್ಪತ್ತೆರಡರ ಹುಡುಗ ಆ ದುಡ್ಡು ಉಳಿಸಲಿ, ಒಂಬತ್ತು ಗಂಟೆ ನಿಲ್ದಾಣದಲ್ಲಿ ಕೂತರೂ ಅವನಿಗೆ ನಡೆಯುತ್ತದೆ. ಹತ್ತೇ ದಿನದ ರಜೆಯಲ್ಲಿ ಊರಿಗೆ ಬರುವ ಮಗಳು ಆ ಗಂಟೆಗಳನ್ನು ಕೊಂಡುಕೊಳ್ಳಲಿ. ಕೈಗೂಸಿನ ತಾಯಿಗೆ ಗಂಟೆಗಿಂತ ಬ್ಯಾಸಿನೆಟ್ ಸೀಟು (ಮುಂದೆ ಕೂಸಿನ ಪುಟ್ಟ ತೊಟ್ಟಿಲು ಹಾಕುವ ಸೀಟು) ಮುಖ್ಯ. ಅದು ವಿಮಾನಕ್ಕೆ ಕೆಲವೇ ಇರುತ್ತವೆ, ಟಿಕೆಟ್ ಆದ ದಿನವೇ ಫೋನ್ ಮಾಡಿ ಹಿಡಿಯಬೇಕು.

ಹೋಗುವ ದಾರಿಯಲ್ಲೇ ಬರಬೇಕು ಅಂತೇನಿಲ್ಲ. ಹೋಗುವಾಗ ಬೆನ್ನಗಾಳಿ ಸಿಗುವ ಟೋಕಿಯೊ, ಬರುವಾಗ ದುಬೈ ಅಂತ ಬೇರೆ ಬೇರೆ ಕಂಪನಿ ಸೇರಿಸಿದರೆ ದರ ಏರಬಹುದು. ಆದರೆ ತಮ್ಮಲ್ಲಿ ಒಪ್ಪಂದ ಮಾಡಿಕೊಂಡ ಒಂದೇ ಕೂಟದ ಕಂಪನಿಗಳಲ್ಲಿ, ಒಂದೇ ಪಿಎನ್ಆರ್‌ನಲ್ಲಿ (ಒಂದೇ ಬುಕಿಂಗ್ ನಂಬರಿನಲ್ಲಿ) ಸಿಕ್ಕರೆ ತಗೊಳ್ಳಿ. ನ್ಯೂಯಾರ್ಕ್ ಅಥವಾ ಶಿಕಾಗೋದಲ್ಲಿ ಇಳಿದು ಮತ್ತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹಾರುವ ಟಿಕೆಟ್‌ಗಳೂ ಕಾಣುತ್ತವೆ. ಅಲ್ಲಿ ಮೊದಲ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದು ಮತ್ತೆ ಹಾಕಬೇಕು. ವಯಸ್ಸಾದವರನ್ನು ಒಂಟಿಯಾಗಿ ಈ ದಾರಿಗೆ ಕಳಿಸಬೇಡಿ. ಅಬುಧಾಬಿ ಮೇಲೆ ಆ ಊರುಗಳಿಗೆ ಹೋಗುವವರಿಗೆ ಮಾತ್ರ ಒಂದು ಅನುಕೂಲವಿದೆ. ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಆಗುತ್ತದೆ, ಆಮೇಲೆ ದೇಶದೊಳಗಿನ ಪ್ರಯಾಣಿಕರಂತೆ ಇಳಿಯಬಹುದು.

ತಾರೀಕಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅಪ್ಪಂದಿರು ಗಾಬರಿ ಆಗುವುದು ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ನೇರ ವಿಮಾನ ಹತ್ತಿದರೆ ಅಲ್ಲಿ ಇಳಿಯುವುದೂ ಅದೇ ತಾರೀಕಿನ ಸಂಜೆಯೊಳಗೆ. ವಾಪಸ್ ಬರುವಾಗ ಕ್ಯಾಲೆಂಡರ್‌ನಲ್ಲಿ ಒಂದೆರಡು ದಿನ ಮುಂದೆ ಹೋಗುತ್ತದೆ. ಮನೆಯಲ್ಲಿ ಮದುವೆಯೋ ತಿಥಿಯೋ ಇದ್ದರೆ ಹೊರಡುವ ತಾರೀಕು ನೋಡಿ ಲೆಕ್ಕ ಹಾಕಬೇಡಿ, ಬೆಂಗಳೂರಿಗೆ ಇಳಿಯುವ ತಾರೀಕು ನೋಡಿ. ಅದಕ್ಕಿಂತ ಎರಡು ದಿನ ಮುಂಚಿನ ಟಿಕೆಟ್ ಮಾಡಿಸಿ.